ಸೇವೆಗೆ ಕಳಿಸುವ ಮೊದಲು ಮೇಷ್ಟ್ರುಗಳು ಕೂತು ಓದಲಿ: ಕಾಲೇಜು ನಡೆಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕುಲಪತಿಗಳೇ, ಪ್ರಾಂಶುಪಾಲರೇ, ಪಠ್ಯಕ್ರಮ ಸಮಿತಿಯ ಹಿರಿಯರೇ,

ನಮಸ್ಕಾರ. ನಾನು ಸಂಖ್ಯಾಶಾಸ್ತ್ರ ಪಾಠ ಮಾಡುವ ಒಬ್ಬ ಅಧ್ಯಾಪಕಿ. ಸೇವಾ ಕಲಿಕೆ ಮತ್ತು ನಾಗರಿಕ ಜವಾಬ್ದಾರಿಯ ಬಗ್ಗೆ ಸಹೋದ್ಯೋಗಿಗಳ ಜೊತೆ ಕೂತು ಓದುವ ಒಂದು ಸಣ್ಣ ಗುಂಪಿನಲ್ಲಿದ್ದೇನೆ. ನಿಮ್ಮ ಮುಂದೆ ಒಂದು ಬೇಡಿಕೆ ಇಡಬೇಕು, ಅದಕ್ಕೇ ಈ ಪತ್ರ. ಸುತ್ತಿ ಬಳಸಿ ಹೇಳುವುದಿಲ್ಲ. ವಿದ್ಯಾರ್ಥಿಗಳನ್ನು ಸಮುದಾಯ ಸೇವೆಗೆ ಕಳಿಸುವ ಆದೇಶ ಹೊರಡಿಸುವ ಮೊದಲು, ಆ ಕೆಲಸ ಮಾಡಿಸಬೇಕಾದ ಮೇಷ್ಟ್ರುಗಳಿಗೆ ಒಟ್ಟಿಗೆ ಕೂತು ಓದಲು ಸಮಯ ಕೊಡಿ. ಓದಿದ ಮೇಲೆ ಅವರು 'ಈ ಕೆಲಸ ಬೇಡ' ಅಂದರೆ, ಆ ಮಾತನ್ನೂ ಕೇಳಿಸಿಕೊಳ್ಳಿ.

ಸಾಮಾನ್ಯವಾಗಿ ನಡೆಯುವುದು ಹೇಗೆ ಅಂತ ನಿಮಗೂ ಗೊತ್ತು. ಒಂದು ಸುತ್ತೋಲೆ ಬರುತ್ತದೆ. ಪ್ರತಿ ವಿದ್ಯಾರ್ಥಿ ಇಷ್ಟು ಗಂಟೆ ಸಮುದಾಯದ ಕೆಲಸ ಮಾಡಬೇಕು, ಅದಕ್ಕೆ ಇಷ್ಟು ಕ್ರೆಡಿಟ್. ಅಧ್ಯಾಪಕರಿಗೆ ಅರ್ಧ ದಿನದ ಕಾರ್ಯಾಗಾರ. ಯಾರೋ ಬಂದು ಸ್ಲೈಡು ತೋರಿಸುತ್ತಾರೆ, ಗುಂಪು ಫೋಟೊ ಆಗುತ್ತದೆ, ಸರ್ಟಿಫಿಕೇಟ್ ಸಿಗುತ್ತದೆ. ಮಾರನೇ ವಾರ ಬಸ್ಸು ಸಿದ್ಧ. ಎಲ್ಲಿಗೆ, ಯಾಕೆ, ಅಲ್ಲಿರುವವರಿಗೆ ಇದು ಬೇಕಾ ಅಂತ ಕೇಳುವ ಜಾಗವೇ ಈ ಸಾಲಿನಲ್ಲಿ ಎಲ್ಲೂ ಬರುವುದಿಲ್ಲ.

ಸೇವಾ ಕಲಿಕೆ ಅಂದರೆ ಸ್ವಯಂಸೇವೆ ಅಲ್ಲ, ಇಂಟರ್ನ್‌ಶಿಪ್ಪೂ ಅಲ್ಲ. ಸ್ವಯಂಸೇವೆಯಲ್ಲಿ ಲಾಭ ಪಡೆಯುವವರಿಗೆ ಒತ್ತು, ಇಂಟರ್ನ್‌ಶಿಪ್ಪಿನಲ್ಲಿ ವಿದ್ಯಾರ್ಥಿಗೆ ಒತ್ತು. ಸೇವಾ ಕಲಿಕೆ ಎರಡನ್ನೂ ಒಟ್ಟಿಗೆ ಹಿಡಿಯಲು ನೋಡುತ್ತದೆ. ವಿದ್ಯಾರ್ಥಿ ತನ್ನ ವಿಷಯವನ್ನೇ ಕಲಿಯಬೇಕು. ಆದರೆ ಹೊರಗಿನವರಿಗೆ ನಿಜವಾಗಿ ಬೇಕಿರುವ ಒಂದು ಕೆಲಸದ ಮೂಲಕ ಕಲಿಯಬೇಕು. ಲೆಕ್ಕಶಾಸ್ತ್ರದ ಹುಡುಗರು ಒಂದು ಸಣ್ಣ ಸಂಘದ ಲೆಕ್ಕ ಸರಿಪಡಿಸಿ ಕೊಡುವುದು, ನನ್ನ ವಿದ್ಯಾರ್ಥಿಗಳು ಒಂದು ಬಡಾವಣೆಯ ನೀರಿನ ಸಮಸ್ಯೆಯ ಸರ್ವೆ ಮಾಡಿ ಅಲ್ಲಿಯವರ ಕೈಗೆ ಅಂಕಿ ಕೊಡುವುದು, ಈ ಥರ. ಹೇಳಲು ಸುಲಭ. ಮಾಡಲು ಹೋದರೆ ಪ್ರತಿ ಹೆಜ್ಜೆಗೂ ಒಂದು ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಗಳಿಗೆ ಸ್ಲೈಡಿನಲ್ಲಿ ಉತ್ತರ ಸಿಗುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. 'ಸೇವಾ ಕಲಿಕೆ' ಅನ್ನುವ ಪದ ಬಳಕೆಗೆ ಬಂದಿದ್ದು 1960ರ ದಶಕದ ಅಮೆರಿಕದಲ್ಲಿ. ಅಲ್ಲಿನ ದಕ್ಷಿಣ ರಾಜ್ಯಗಳ ಶಿಕ್ಷಣ ಮಂಡಳಿಯಲ್ಲಿ ಕೆಲಸ ಮಾಡುತ್ತಿದ್ದ ರಾಬರ್ಟ್ ಸಿಗ್ಮನ್ ಮತ್ತು ವಿಲಿಯಂ ರ‍್ಯಾಮ್ಸೆ ಅದನ್ನು ಚಾಲ್ತಿಗೆ ತಂದರು. 1979ರಲ್ಲಿ ಸಿಗ್ಮನ್ ಒಂದು ಪುಟ್ಟ ಲೇಖನದಲ್ಲಿ ಮೂರು ಸೂತ್ರ ಬರೆದರು. ಸೇವೆ ಯಾರಿಗೆ ಸಲ್ಲುತ್ತದೋ ಅವರೇ ಆ ಸೇವೆಯ ಮೇಲೆ ಹಿಡಿತ ಇಟ್ಟುಕೊಂಡಿರಬೇಕು. ಅವರು ಮುಂದೆ ತಮ್ಮ ಕೆಲಸವನ್ನು ತಾವೇ ಇನ್ನೂ ಚೆನ್ನಾಗಿ ಮಾಡಿಕೊಳ್ಳುವಂತಾಗಬೇಕು. ಸೇವೆ ಮಾಡುವವರೂ ಕಲಿಯುವವರೇ, ಏನು ಕಲಿಯಬೇಕು ಅನ್ನುವುದರಲ್ಲಿ ಅವರಿಗೂ ಗಟ್ಟಿ ಮಾತಿರಬೇಕು. ಓದಲು ಎಷ್ಟು ಹೊತ್ತು ಬೇಕು ಹೇಳಿ? ಅರ್ಧ ನಿಮಿಷ. ಆದರೆ ನಾವು ಗುಂಪಿನಲ್ಲಿ ಮೊದಲ ಸೂತ್ರವನ್ನು ದಾಟಲೇ ಆಗಲಿಲ್ಲ, ಗಂಟೆ ಮುಗಿದುಹೋಯಿತು. 'ನಿಮ್ಮ ಕೋರ್ಸಿನಲ್ಲಿ ಕೆಲಸ ಏನು ಅಂತ ತೀರ್ಮಾನ ಮಾಡಿದ್ದು ಯಾರು?' ಅಂತ ಇತಿಹಾಸದ ಮೇಷ್ಟ್ರು ಕೇಳಿದರು. ನಾವು ಹುಡುಗರನ್ನು ಕಳಿಸುವ ಸಂಸ್ಥೆಯವರು ಅಂತ ಒಬ್ಬರು ಅಂದರು. ಸಂಸ್ಥೆಯಲ್ಲಿ ಯಾರು, ಅಂತ ಇವರು. ಕೊನೆಗೆ ಹೊರಬಿದ್ದ ಉತ್ತರ ಏನು ಗೊತ್ತಾ? ಶೈಕ್ಷಣಿಕ ಕ್ಯಾಲೆಂಡರು. ಸೆಮಿಸ್ಟರಿನ ಹದಿನೈದು ವಾರದಲ್ಲಿ ಮುಗಿಯುವ ಕೆಲಸ ಯಾವುದೋ ಅದೇ ಸಮುದಾಯದ ಅಗತ್ಯ ಅಂತಾಗಿಬಿಟ್ಟಿತ್ತು.

ಇಂಥ ಮಾತು ಕಾರ್ಯಾಗಾರದಲ್ಲಿ ಬರುವುದಿಲ್ಲ. ಅಲ್ಲಿ ಒಬ್ಬರಿಗೆ ಹೇಳುವ ಕೆಲಸ, ಉಳಿದವರಿಗೆ ಕೇಳುವ ಕೆಲಸ. ಓದುಗುಂಪಿನಲ್ಲಿ ಹೇಳುವವರು ಅಂತ ಯಾರೂ ಇಲ್ಲ. ಲೇಖನ ಮೇಜಿನ ನಡುವೆ ಇರುತ್ತದೆ, ಎಲ್ಲರೂ ಅದರ ಜೊತೆ ಜಗಳ ಆಡಬಹುದು. ವಿಭಾಗದ ಮುಖ್ಯಸ್ಥರನ್ನು (ಎಚ್‌ಒಡಿ) ಪ್ರಶ್ನಿಸುವುದಕ್ಕಿಂತ ಲೇಖಕರನ್ನು ಪ್ರಶ್ನಿಸುವುದು ಎಲ್ಲರಿಗೂ ಸುಲಭ ಅಲ್ವಾ?

ಹಾಗಾದರೆ ಒಬ್ಬೊಬ್ಬರೇ ಮನೆಯಲ್ಲಿ ಓದಿಕೊಳ್ಳಬಹುದಲ್ಲ ಅಂತ ನೀವು ಕೇಳಬಹುದು. ಓದಬಹುದು. ಆದರೆ ರಸಾಯನಶಾಸ್ತ್ರದವರಿಗೆ ಕಾಣುವುದು ನನಗೆ ಕಾಣುವುದಿಲ್ಲ. ಕೀತ್ ಮಾರ್ಟನ್ 1995ರಲ್ಲಿ ಬರೆದ ಒಂದು ಲೇಖನ ಇದೆ. ಜನ ಸೇವೆಯನ್ನು ಒಂದು ಏಣಿ ಅಂದುಕೊಳ್ಳುತ್ತಾರೆ: ಕೆಳಗೆ ದಾನ, ನಡುವೆ ಯೋಜನೆ, ಮೇಲೆ ಸಾಮಾಜಿಕ ಬದಲಾವಣೆ. ಆ ಏಣಿಯೇ ತಪ್ಪು ಅನ್ನುತ್ತಾರೆ ಮಾರ್ಟನ್. ಮೂರೂ ಬೇರೆ ಬೇರೆ ದಾರಿ, ಪ್ರತಿಯೊಂದರಲ್ಲೂ ಗಟ್ಟಿ ಕೆಲಸ ಇರಬಹುದು, ಪೊಳ್ಳು ಕೆಲಸವೂ ಇರಬಹುದು. ಹಸಿದವರ ಜೊತೆ ವರ್ಷಗಟ್ಟಲೆ ನಿಂತವರ ದಾನ ಪೊಳ್ಳಲ್ಲ, ಬರೀ ಘೋಷಣೆಯ ಬದಲಾವಣೆ ಗಟ್ಟಿಯಲ್ಲ. ಇದಕ್ಕೆದುರಾಗಿ ತಾನ್ಯಾ ಮಿಚೆಲ್ 2008ರಲ್ಲಿ ಬರೆದದ್ದನ್ನು ಇಡಿ. ಅವರ ಪ್ರಕಾರ ಸೇವಾ ಕಲಿಕೆ ಸಮಾಜದ ಬದಲಾವಣೆಯ ಕಡೆ ಮುಖ ಮಾಡಬೇಕು, ಅಧಿಕಾರ ಹಂಚಿಕೆಯಾಗಬೇಕು, ನಿಜವಾದ ಸಂಬಂಧ ಬೆಳೆಯಬೇಕು. ಇಲ್ಲದಿದ್ದರೆ ಅದು ಅಸಮಾನತೆಯನ್ನು ಇದ್ದ ಹಾಗೇ ಉಳಿಸುತ್ತದೆ. ನಾನು ಮಿಚೆಲ್ ಪರ. ನರ್ಸಿಂಗ್ ಕಲಿಸುವ ಸಹೋದ್ಯೋಗಿ ಮಾರ್ಟನ್ ಪರ. ಗಾಯಕ್ಕೆ ಬ್ಯಾಂಡೇಜು ಸುತ್ತುವ ಹುಡುಗಿಗೆ 'ನಿನ್ನದು ಕೆಳಗಿನ ಮೆಟ್ಟಿಲು' ಅಂತ ಹೇಳಲು ಅವರು ತಯಾರಿಲ್ಲ. ಅವರ ಮಾತು ಕೇಳಿದ ಮೇಲೆ ನಾನು ಮಿಚೆಲ್ ಅವರನ್ನು ಮತ್ತೊಮ್ಮೆ ಓದಿದೆ. ಈಗಲೂ ಪಕ್ಷ ಬದಲಿಸಿಲ್ಲ. ಆದರೆ ಮೊದಲಿನಷ್ಟು ಜೋರಾಗಿ ಮಾತಾಡುವುದಿಲ್ಲ. ಒಬ್ಬಳೇ ಓದಿದ್ದರೆ ಇದು ಆಗುತ್ತಿರಲಿಲ್ಲ.

ಈಗ ನಿಮಗೆ ಇಷ್ಟವಾಗದ ಒಂದು ವಿಷಯಕ್ಕೆ ಬರುತ್ತೇನೆ. 1968ರ ಏಪ್ರಿಲ್ 20ರಂದು, ಮೆಕ್ಸಿಕೋದಲ್ಲಿ ನೆಲೆಸಿದ್ದ ಪಾದ್ರಿ, ಚಿಂತಕ ಇವಾನ್ ಇಲಿಚ್ ಒಂದು ಭಾಷಣ ಮಾಡಿದರು. ಎದುರಿಗಿದ್ದವರು ಅಮೆರಿಕದಿಂದ ಮೆಕ್ಸಿಕೋದ ಹಳ್ಳಿಗಳಿಗೆ ಸೇವೆಗೆ ಹೋಗುವ ಯುವಕರ ಕಾರ್ಯಕ್ರಮದವರು. ಆ ಯುವಕರಿಗೆ ಇಲಿಚ್ ಮುಖದ ಮೇಲೇ ಹೇಳಿದರು: ಬರಬೇಡಿ. ನೋಡಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಓದಲು ಬನ್ನಿ, ಸಹಾಯ ಮಾಡಲು ಮಾತ್ರ ಬೇಡ. ಸೇವಾ ಕಲಿಕೆಯ ಓದುಪಟ್ಟಿಗಳಲ್ಲಿ ಈ ಭಾಷಣ ಸಾಮಾನ್ಯವಾಗಿ ಇರುತ್ತದೆ. ಎಲ್ಲರೂ ಓದುತ್ತಾರೆ, ಅಹುದಹುದು ಅನ್ನುತ್ತಾರೆ, ಮುಂದಿನ ತಿಂಗಳು ಹೊರಡುತ್ತಾರೆ. ತಮಾಷೆ ಅಂದರೆ ಇಲಿಚ್ ಅವರಿಗೆ ಅಂದು ಸಿಟ್ಟು ತರಿಸಿದ್ದೂ ಇದೇ. ತಾವು ಮಾಡುವುದರ ತೊಂದರೆ ಏನು ಅಂತ ಆ ಯುವಕರಿಗೆ ಗೊತ್ತಿತ್ತು, ಚರ್ಚೆಯನ್ನೂ ಮಾಡಿದ್ದರು, ಆದರೂ ನಿರ್ಧಾರ ಬದಲಾಗಿರಲಿಲ್ಲ. ಅದನ್ನು ಇಲಿಚ್ ಬೂಟಾಟಿಕೆ ಎಂದೇ ಕರೆದರು.

ಓದುಗುಂಪಿನ ದೊಡ್ಡ ಅಪಾಯವೂ ಇದೇ ಅಂತ ನನ್ನ ಅಭಿಪ್ರಾಯ. ಓದಿದೆವು ಅನ್ನುವುದೇ ಒಂದು ಪರವಾನಗಿ ಆಗಿಬಿಡುತ್ತದೆ. ವಿಮರ್ಶೆ ಓದಿಕೊಂಡವರು ಮಾಡುವ ಕೆಲಸ ಒಳ್ಳೆಯದೇ ಇರುತ್ತದೆ ಅಂತ ನಂಬಿಕೆ ಬರುತ್ತದೆ. ಅದಕ್ಕೇ ನನ್ನ ಮುಖ್ಯ ಬೇಡಿಕೆ 'ಬೇಡ' ಅನ್ನುವ ಹಕ್ಕಿನದು. ಸೇವೆ ಕಡ್ಡಾಯ ಅಂತ ಮೊದಲೇ ತೀರ್ಮಾನ ಮಾಡಿ, ಆಮೇಲೆ ಓದುಗುಂಪು ಮಾಡಿ ಅಂದರೆ ಅದು ಓದು ಅಲ್ಲ, ಶಾಸ್ತ್ರ. ಒಂದು ಸಂಸ್ಥೆಗೆ ನಮ್ಮ ಹುಡುಗರಿಂದ ಉಪಕಾರಕ್ಕಿಂತ ತೊಂದರೆಯೇ ಜಾಸ್ತಿ ಅಂತ ಗುಂಪಿಗೆ ಅನ್ನಿಸಿದರೆ, ಆ ಕಾರ್ಯಕ್ರಮ ನಿಲ್ಲಿಸಲು ಅವರಿಗೆ ದಾರಿ ಇರಬೇಕು. ಅದರಿಂದ ವಿದ್ಯಾರ್ಥಿಗಳ ಕ್ರೆಡಿಟ್ಟಿಗೆ ಪೆಟ್ಟು ಬೀಳಬಾರದು, ಮೇಷ್ಟ್ರ ಮೇಲೆ ಟಿಪ್ಪಣಿ ಬರಬಾರದು.

ಇದು ಅತಿಯಾಯಿತು ಅನ್ನಿಸಿದರೆ ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ ಅವರನ್ನು ಕೇಳಿ. ಮಾಡುತ್ತಾ ಕಲಿಯುವುದು ಅಂದ ಕೂಡಲೇ ಎಲ್ಲರೂ ಅವರ ಹೆಸರು ಹೇಳುತ್ತಾರೆ. 1938ರಲ್ಲಿ ಅದೇ ಡ್ಯೂಯಿ ಎಚ್ಚರಿಸಿದ್ದರು: ಎಲ್ಲ ಅನುಭವವೂ ಶಿಕ್ಷಣ ಅಲ್ಲ. ಕೆಲವು ಅನುಭವಗಳು ಮುಂದಿನ ಕಲಿಕೆಯ ಬಾಗಿಲನ್ನೇ ಮುಚ್ಚುತ್ತವೆ. ಬಡವರ ಬೀದಿಗೆ ಒಂದು ಸಂಜೆ ಹೋಗಿ ಬಂದ ಹುಡುಗ 'ಇವರು ಹೀಗೇ' ಅಂತ ಖಚಿತ ಮಾಡಿಕೊಂಡು ಬಂದರೆ? ಹೋಗುವ ಮೊದಲು ಅವನಿಗೆ ಗೊತ್ತಿರಲಿಲ್ಲ ಅಷ್ಟೆ. ಈಗ ಗೊತ್ತಿದೆ ಅಂದುಕೊಂಡಿದ್ದಾನೆ. ಎರಡನೆಯದನ್ನು ತಿದ್ದುವುದು ಜಾಸ್ತಿ ಕಷ್ಟ.

ಹಾಗಾಗಿ ನಾವು ಗುಂಪಿನಲ್ಲಿ ಲೇಖನ ಮಾತ್ರ ಓದುವುದಿಲ್ಲ. ವಿದ್ಯಾರ್ಥಿಗಳು ಸೇವೆ ಮುಗಿಸಿ ಬಂದು ಬರೆಯುವ ಅನುಭವದ ಬರಹಗಳನ್ನೂ ಓದುತ್ತೇವೆ. ಅವರ ಒಪ್ಪಿಗೆ ಪಡೆದು, ಹೆಸರು ತೆಗೆದು, ಬೇರೆ ವಿಭಾಗದವರ ಕೈಗೆ ಕೊಡುತ್ತೇವೆ. ಬರಹಗಳಲ್ಲಿ ಒಂದೇ ವಾಕ್ಯ ಮತ್ತೆ ಮತ್ತೆ ಕಾಣುತ್ತದೆ: 'ನಾನು ಎಷ್ಟು ಪುಣ್ಯವಂತ ಅಂತ ಈಗ ಅರ್ಥವಾಯಿತು.' ತಪ್ಪು ವಿದ್ಯಾರ್ಥಿಯದ್ದಲ್ಲ. ನಾವು ಕೇಳಿದ ಪ್ರಶ್ನೆಯೇ 'ನಿನಗೆ ಏನನ್ನಿಸಿತು' ಅಂತ ಇತ್ತು. ಅನ್ನಿಸಿದ್ದನ್ನು ಬರೆದಿದ್ದಾನೆ. ಪ್ರಶ್ನೆ ಬದಲಾಯಿಸಿ ನೋಡಿ. ಅಲ್ಲಿ ಏನು ನಡೆಯಿತು, ಯಾರು ಏನು ಹೇಳಿದರು? ತರಗತಿಯಲ್ಲಿ ಕಲಿತ ಯಾವ ವಿಚಾರ ಅಲ್ಲಿ ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ? ಈ ಸಮಸ್ಯೆ ಇರುವುದರಿಂದ ಯಾರಿಗಾದರೂ ಅನುಕೂಲ ಆಗುತ್ತಿದೆಯಾ? ಬರಹ ಬೇರೆಯೇ ಆಗುತ್ತದೆ. 1999ರಲ್ಲಿ ಜಾನೆಟ್ ಐಲರ್ ಮತ್ತು ಡ್ವೈಟ್ ಗೈಲ್ಸ್ ಸೇವಾ ಕಲಿಕೆಯಲ್ಲಿ ಕಲಿಕೆ ಎಲ್ಲಿದೆ ಅಂತ ಹುಡುಕಿ ಬರೆದ ಪುಸ್ತಕದಲ್ಲೂ ಇದೇ ಬರುತ್ತದೆ. ಕಳಿಸಿದ ಜಾಗದ ಕೆಲಸ ಒಳ್ಳೆಯದಿರಬೇಕು, ಕೆಲಸಕ್ಕೂ ಪಾಠಕ್ಕೂ ನಂಟಿರಬೇಕು, ಮಾಡಿದ್ದರ ಬಗ್ಗೆ ಬರೆದು ಮಾತಾಡಿ ಯೋಚಿಸಬೇಕು. ಸುಮ್ನೆ ಗಂಟೆ ಎಣಿಸಿದರೆ ಆಗುವುದಿಲ್ಲ. ನಿಮ್ಮ ಫಾರಂಗಳಲ್ಲಿ ಇರುವುದು ಗಂಟೆಯ ಕಾಲಂ ಒಂದೇ.

ಇನ್ನು ಸಮುದಾಯದವರ ಮಾತು. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಯಾಕೆಂದರೆ ಹಣದ ಬಾಬತ್ತು ಇರುವುದು ಇಲ್ಲಿ. ರ‍್ಯಾಂಡಿ ಸ್ಟೋಕರ್ ಮತ್ತು ಎಲಿಜಬೆತ್ ಟ್ರಯಾನ್ 2009ರಲ್ಲಿ ಸಂಪಾದಿಸಿದ ಪುಸ್ತಕದಲ್ಲಿ ಅಮೆರಿಕದ ಮ್ಯಾಡಿಸನ್ ಸುತ್ತಮುತ್ತಲ ಸಣ್ಣ ಸಂಸ್ಥೆಗಳವರನ್ನು ಮಾತಾಡಿಸಿದ್ದಾರೆ. ವಿದ್ಯಾರ್ಥಿಗಳನ್ನು ಕಳಿಸುವವರ ಕಥೆ ಅಲ್ಲ, ಕಳಿಸಿದವರನ್ನು ಸಂಭಾಳಿಸಿದವರ ಕಥೆ. ಹುಡುಗರಿಗೆ ಕೆಲಸ ಹೇಳಿಕೊಡುವಷ್ಟರಲ್ಲಿ ಸೆಮಿಸ್ಟರ್ ಮುಗಿಯುತ್ತದೆ. ಕೆಲವು ಗಂಟೆಗಳ ಸೇವೆಗೆ ಸಿಬ್ಬಂದಿಯ ಸಮಯ ಖರ್ಚಾಗುತ್ತದೆ. ಮೇಷ್ಟ್ರು ಫೋನು ಕೂಡ ಮಾಡುವುದಿಲ್ಲ. ಆದರೂ ಸಂಸ್ಥೆಗಳು ಬೇಡ ಅನ್ನುವುದಿಲ್ಲ. ಕಾಲೇಜಿನ ಜೊತೆ ಸಂಬಂಧ ಕೆಡಿಸಿಕೊಳ್ಳಲು ಯಾರಿಗೂ ಇಷ್ಟವಿಲ್ಲ, ಮುಂದೆ ಯಾವಾಗಲಾದರೂ ಉಪಯೋಗಕ್ಕೆ ಬಂದೀತು ಅನ್ನುವ ಆಸೆಯೂ ಇರುತ್ತದೆ. ನಗುನಗುತ್ತಾ ಬರಮಾಡಿಕೊಳ್ಳುತ್ತಾರೆ. ಆ ನಗುವನ್ನು ನಾವು ವರದಿಯಲ್ಲಿ 'ಸಮುದಾಯದಿಂದ ಉತ್ತಮ ಪ್ರತಿಕ್ರಿಯೆ' ಅಂತ ಬರೆಯುತ್ತೇವೆ.

ಅವರು ನಿಜ ಹೇಳಬೇಕಾದರೆ ಮೇಜಿನ ಸುತ್ತ ಅವರಿಗೂ ಕುರ್ಚಿ ಬೇಕು. ಒಂದು ದಿನ ಬಂದು ಭಾಷಣ ಮಾಡಿ ಹೋಗುವ ಅತಿಥಿಯಾಗಿ ಅಲ್ಲ. ಪ್ರತಿ ಸಲ ಬಂದು, ಓದಿ, ಒಪ್ಪದೆ ವಾದ ಮಾಡುವ ಸದಸ್ಯರಾಗಿ. ಹಾಗೆ ಬರಬೇಕಾದರೆ ಅವರ ಸಮಯಕ್ಕೆ ಗೌರವಧನ ಕೊಡಬೇಕು. ನಾವು ಸಂಬಳದ ಸಮಯದಲ್ಲಿ ಕೂತಿರುತ್ತೇವೆ, ಅವರು ತಮ್ಮ ಕೆಲಸ ಬಿಟ್ಟು ಬಂದಿರುತ್ತಾರೆ. ಇಬ್ಬರೂ ಸಮಾನರು ಅಂತ ಬಾಯಲ್ಲಿ ಹೇಳಿದರೆ ಸಾಕಾ? ಓದುವ ಸಾಮಗ್ರಿಯೂ ಬದಲಾಗಬೇಕು. ಜರ್ನಲ್ ಲೇಖನಗಳ ಭಾಷೆ ನನಗೇ ಕೆಲವೊಮ್ಮೆ ತಲೆನೋವು. ಅದನ್ನು ಒಬ್ಬರು ಮೊದಲು ಬಾಯಿಮಾತಿನಲ್ಲಿ ವಿವರಿಸಿ ಹೇಳಬಹುದು. ಸಂಘದ ಸಭೆಯ ನಡಾವಳಿ, ಸ್ಥಳೀಯ ಆಡಳಿತಕ್ಕೆ ಅವರು ಬರೆದ ಅರ್ಜಿ, ಬಂದ ಹಿಂಬರಹ, ಇವೂ ಓದಬೇಕಾದ ಪಠ್ಯಗಳೇ. ಅಂಥ ಒಂದು ಅರ್ಜಿಯನ್ನು ಸಾಲು ಸಾಲಾಗಿ ಓದಿದ ದಿನ ನಮ್ಮಲ್ಲಿ ಮಾತಾಡಿದವರು ಆ ಸಂಘದವರು, ಕೇಳಿಸಿಕೊಂಡವರು ಪಿಎಚ್‌ಡಿ ಮಾಡಿದವರು. ಅವರು ಬರೆದಿದ್ದ ಅಂಕಿ ಸರಿಯೋ ತಪ್ಪೋ ನೋಡಿ ಹೇಳಿ ಅಂತ ನನ್ನನ್ನು ಕೇಳಿದರು. ನನ್ನ ಮುಂದಿನ ಕೋರ್ಸಿನ ಪ್ರಾಜೆಕ್ಟು ಅಲ್ಲೇ ಹುಟ್ಟಿತು.

ಅರ್ಜಿ ಅಂದ ಕೂಡಲೇ ಕೆಲವು ಪ್ರಾಂಶುಪಾಲರು ಹುಷಾರಾಗುತ್ತಾರೆ. ಗಿಡ ನೆಡಲಿ, ರಸ್ತೆ ಗುಡಿಸಲಿ, ಅರ್ಜಿ ಗಿರ್ಜಿ ಯಾಕೆ, ಅದು ರಾಜಕೀಯ ಆಗುತ್ತದೆ ಅಂತ. ಈ ಭಯವನ್ನು ಮುಚ್ಚಿಡುವ ಬದಲು ಮೇಜಿನ ಮೇಲೆ ಇಡೋಣ. ನಾಗರಿಕ ಜವಾಬ್ದಾರಿ ಅಂದರೆ ಗುಡಿಸುವುದಷ್ಟೇ ಅಲ್ಲ, ಕಸ ಎತ್ತಬೇಕಾದವರು ಯಾಕೆ ಎತ್ತಲಿಲ್ಲ ಅಂತ ಕೇಳಲು ಬರುವುದೂ ಹೌದು. ಬಜೆಟ್ ಓದಲು ಬರಬೇಕು. ಯಾವ ಕೆಲಸ ಯಾವ ಕಚೇರಿಯದ್ದು ಅಂತ ಗೊತ್ತಿರಬೇಕು. ಒಪ್ಪದವರ ಜೊತೆ ಒಂದೇ ಕೋಣೆಯಲ್ಲಿ ಕೂತು ಮಾತಾಡಲು ಬರಬೇಕು. ಒಂದು ಪಕ್ಷದ ಪರ ಪ್ರಚಾರ ಮಾಡಿಸುವುದು ಬೇರೆ, ಒಂದು ಸಾರ್ವಜನಿಕ ಪ್ರಶ್ನೆಯನ್ನು ಎಲ್ಲ ಕಡೆಯಿಂದ ನೋಡಿಸುವುದು ಬೇರೆ. ಆ ಗೆರೆ ಎಲ್ಲಿದೆ ಅಂತ ಪ್ರತಿ ಮೇಷ್ಟ್ರೂ ತರಗತಿಯಲ್ಲಿ ಒಬ್ಬೊಬ್ಬರೇ ತಡಕಾಡುವಂತೆ ಬಿಟ್ಟರೆ ಅವರು ಗಿಡ ನೆಡಿಸಿ ಸುಮ್ಮನಾಗುತ್ತಾರೆ. ಅದರಲ್ಲಿ ಅಪಾಯ ಇಲ್ಲ ನೋಡಿ. ಹತ್ತು ಜನ ಕೂತು, ನಿಜವಾಗಿ ನಡೆದ ಕಷ್ಟದ ಪ್ರಸಂಗಗಳನ್ನು ಮುಂದಿಟ್ಟುಕೊಂಡು ಚರ್ಚಿಸಿದರೆ ಧೈರ್ಯವೂ ಬರುತ್ತದೆ, ವಿವೇಕವೂ ಬರುತ್ತದೆ.

ಆಡಳಿತದವರಿಗೆ ಈ ವಿಷಯ ಹೊಸದೇನಲ್ಲ. 1985ರಲ್ಲಿ ಅಮೆರಿಕದ ಬ್ರೌನ್, ಜಾರ್ಜ್‌ಟೌನ್, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ಮುಖ್ಯಸ್ಥರೇ ಮುಂದೆ ನಿಂತು ಕ್ಯಾಂಪಸ್ ಕಾಂಪ್ಯಾಕ್ಟ್ ಅನ್ನುವ ಒಕ್ಕೂಟ ಕಟ್ಟಿದರು. ಇಂದಿನ ಹುಡುಗರು ಬರೀ ಸ್ವಾರ್ಥಿಗಳು ಅನ್ನುವ ಆ ಕಾಲದ ಮಾತಿಗೆ ಅದು ಅವರ ಉತ್ತರ. 1990ರಲ್ಲಿ ಅಲ್ಲಿನ ಶಿಕ್ಷಣತಜ್ಞ ಅರ್ನೆಸ್ಟ್ ಬಾಯರ್, ವಿದ್ವತ್ತು ಅಂದರೆ ಹೊಸ ಸಂಶೋಧನೆ ಮಾತ್ರ ಅಲ್ಲ, ಅದನ್ನು ಜೋಡಿಸುವುದು, ಬಳಸುವುದು, ಕಲಿಸುವುದೂ ವಿದ್ವತ್ತೇ ಅಂದರು. 2006ರಿಂದ ಅಮೆರಿಕದ ಕಾರ್ನೆಗಿ ಶಿಕ್ಷಣ ಪ್ರತಿಷ್ಠಾನದ ಹೆಸರಿನಲ್ಲಿ ಸಮುದಾಯದ ಜೊತೆ ಕೆಲಸ ಮಾಡುವ ಸಂಸ್ಥೆಗಳಿಗೆ ಕೊಡುತ್ತಿರುವ ಮಾನ್ಯತೆಯ ಅರ್ಜಿಯಲ್ಲಿ, ಇಂಥ ಕೆಲಸವನ್ನು ಅಧ್ಯಾಪಕರ ಬಡ್ತಿಯಲ್ಲಿ ಪರಿಗಣಿಸುತ್ತೀರಾ ಅಂತ ಕೇಳುತ್ತಾರೆ. ಎಲ್ಲ ಕಾಲೇಜಿನಲ್ಲೂ ಕೇಳಬೇಕಾದ ಪ್ರಶ್ನೆ ಅದು. ಕಿರಿಯ ಅಧ್ಯಾಪಕರು ಗುಂಪಿಗೆ ಎರಡು ಸಲ ಬಂದು ಮೂರನೇ ಸಲ ಕಾಣೆಯಾಗುವುದಕ್ಕೆ ಆಸಕ್ತಿ ಇಲ್ಲದಿರುವುದು ಕಾರಣ ಅಲ್ಲ. ಆ ಹೊತ್ತಿನಲ್ಲಿ ಒಂದು ಪೇಪರ್ ಬರೆದರೆ ಬಡ್ತಿಗೆ ಅಂಕ ಸಿಗುತ್ತದೆ, ಇಲ್ಲಿ ಕೂತರೆ ಏನೂ ಸಿಗುವುದಿಲ್ಲ.

ಆದರೆ ಅಂಕ ಕೊಡಿ ಅಂದ ತಕ್ಷಣ ನೀವು ಹಾಜರಿ ಪುಸ್ತಕ ತರುತ್ತೀರಿ ಅನ್ನುವ ಹೆದರಿಕೆಯೂ ನನಗಿದೆ. ದಯವಿಟ್ಟು ಬೇಡ. ಓದುಗುಂಪಿಗೆ ವಾರದ ವರ್ಕ್‌ಲೋಡಿನಲ್ಲಿ ಒಂದು ಗಂಟೆ ಹಿಡಿಯಿರಿ, ವೇಳಾಪಟ್ಟಿಯಲ್ಲಿ ಎಲ್ಲ ವಿಭಾಗಕ್ಕೂ ಆ ಗಂಟೆ ಬಿಡುವಿರಲಿ. ಗುಂಪು ಎಂಟು ಹತ್ತು ಜನಕ್ಕಿಂತ ದೊಡ್ಡದಾಗುವುದು ಬೇಡ, ಜಾಸ್ತಿ ಜನ ಬಂದರೆ ಎರಡು ಗುಂಪು ಮಾಡಿಕೊಳ್ಳುತ್ತೇವೆ. ನಡೆಸುವವರು ಎಚ್‌ಒಡಿ ಆಗಿರಬಾರದು, ಸರದಿಯ ಮೇಲೆ ಬದಲಾಗಲಿ. ಒಂದು ಸಲಕ್ಕೆ ಹದಿನೈದು ಇಪ್ಪತ್ತು ಪುಟ ಸಾಕು. ಓದದೇ ಬಂದವರನ್ನೂ ಒಳಗೆ ಬಿಡುತ್ತೇವೆ, ಮೊದಲ ಹತ್ತು ನಿಮಿಷ ಒಂದೆರಡು ಪುಟ ಜೋರಾಗಿ ಓದಿಬಿಟ್ಟರೆ ಅವರೂ ಮಾತಿಗೆ ಸೇರುತ್ತಾರೆ. ಇದೆಲ್ಲ ನಾವು ನೋಡಿಕೊಳ್ಳುತ್ತೇವೆ.

ಪ್ರತಿಫಲ ಏನು ಅಂತ ಕೇಳುವ ಹಕ್ಕು ನಿಮಗಿದೆ, ಹಣ ಮತ್ತು ಸಮಯ ಕೊಡುವವರು ನೀವು. ವರ್ಷದ ಕೊನೆಗೆ ಪ್ರತಿಯೊಬ್ಬರೂ ತಮ್ಮ ಕೋರ್ಸಿನಲ್ಲಿ ಏನು ಬದಲಾಯಿತು, ಯಾಕೆ ಬದಲಾಯಿತು ಅಂತ ಒಂದು ಪುಟ ಬರೆದು ಕೊಡಬಹುದು. ಸೇವೆಯ ಭಾಗವನ್ನು ಕೈಬಿಟ್ಟಿದ್ದರೆ ಅದನ್ನೂ ಬರೆಯುತ್ತಾರೆ. ಆ ಪುಟದ ಕೆಳಗೆ ಜೊತೆಗೆ ಓದಿದ ಸಮುದಾಯದ ಸದಸ್ಯರು ತಮ್ಮ ಮಾತು ಸೇರಿಸಲಿ, ನಾವು ತಿದ್ದುವುದಿಲ್ಲ. ಇದಕ್ಕಿಂತ ಜಾಸ್ತಿ ವರದಿ ಕೇಳಬೇಡಿ, ಫೋಟೊ ಅಂತೂ ಬೇಡವೇ ಬೇಡ.

ನೀವೂ ಒಮ್ಮೆ ಬಂದು ಕೂರಬಹುದು. ಉದ್ಘಾಟನೆಗೆ ಅಲ್ಲ, ಇಪ್ಪತ್ತು ಪುಟ ಓದಿಕೊಂಡು, ಉಳಿದವರ ಹಾಗೆ. ಇಲಿಚ್ ಭಾಷಣ ಓದುವ ದಿನ ಬಂದರೆ ಒಳ್ಳೆಯದು. ಮುಂದಿನ ಸೆಮಿಸ್ಟರಿನ ವೇಳಾಪಟ್ಟಿ ಅಂತಿಮವಾಗುವ ಮೊದಲು ಆ ಒಂದು ಗಂಟೆಯ ವಿಷಯ, ಗೌರವಧನದ ವಿಷಯ, 'ಬೇಡ' ಅನ್ನುವ ಹಕ್ಕಿನ ವಿಷಯ, ಮೂರಕ್ಕೂ ನಿಮ್ಮ ಉತ್ತರ ಲಿಖಿತವಾಗಿ ಬಂದರೆ ನಾವು ಓದುವ ಪಟ್ಟಿ ತಯಾರಿಸಿಕೊಳ್ಳಲು ಅನುಕೂಲವಾಗುತ್ತದೆ.

ಇಂತಿ,
ನಿಮ್ಮ ಸಹೋದ್ಯೋಗಿ,
ಓದುಗುಂಪಿನ ಒಬ್ಬ ಅಧ್ಯಾಪಕಿ